ಅಭಿರಾಮಿಯ ಹಳದಿ ಚುಕ್ಕೆ

ತಮಿಳುನಾಡಿನ ಕಂಬಂನ ನಮ್ಮ ನೆಟ್ ಆಫೀಸಿನಲ್ಲಿ ರಂಗಸಾಮಿ ಮಾಮನಷ್ಟು ಹಟಮಾರಿ ಇನ್ನೊಬ್ಬರಿಲ್ಲ. ಗೋಡೆಯ ದೊಡ್ಡ ಪರದೆಯ ಮೇಲೆ ಕಣಿವೆಯ ನಕ್ಷೆ ಇದೆ. ನಾವು ಇಂಟರ್ನೆಟ್ ಕೊಟ್ಟ ಪ್ರತಿ ಮನೆಗೂ ಅದರಲ್ಲಿ ಒಂದು ಚುಕ್ಕೆ. ಕಂಪ್ಯೂಟರ್ ಸರದಿಯಂತೆ ಒಂದೊಂದು ಮನೆಯ ನೆಟ್ ಪೆಟ್ಟಿಗೆಯನ್ನೂ ಕರೆಯುತ್ತದೆ. ಉತ್ತರ ಬಂದರೆ ಚುಕ್ಕೆ ಹಸಿರು, ಕಾಯುವಷ್ಟು ಹೊತ್ತು ಹಳದಿ, ಕಾಯುವ ಗಡುವು ಮುಗಿದರೆ ಕೆಂಪು. ಆ ಗಡುವಿಗೆ ಟೈಮ್‌ಔಟ್ ಎನ್ನುತ್ತೇವೆ. ಅದು ಎಷ್ಟಿರಬೇಕೆಂದು ಹೇಳುವವರು ಮಾಮ. ಕೆಟ್ಟುಹೋದಾಗ ಫೋನಿನಲ್ಲಿ ಬೈಸಿಕೊಳ್ಳುವವಳು ನಾನು, ಅಮುದಾ.

ಸ್ವಂತ ಮಾಮನೇನಲ್ಲ. ಮನೆಯಲ್ಲಿ ಕನ್ನಡ ಆಡುವ ನಮ್ಮ ಜನರಲ್ಲಿ ಒಂದೆರಡು ತಲೆಮಾರು ಹಿಂದಕ್ಕೆ ಹೋದರೆ ಎಲ್ಲರೂ ಎಲ್ಲರಿಗೂ ಏನಾದರೂ ಆಗಿಯೇ ಆಗುತ್ತಾರೆ. ಮಾಮ ಚುಕ್ಕೆಗಳಿಗೆ ಹೆಸರಿಡುವುದರಲ್ಲೂ ನಮ್ಮ ಮನೆಗಳ ರೀತಿಯೇ. ಬಿಲ್ಲು ಗಂಡಸರ ಹೆಸರಿಗೆ, ಚುಕ್ಕೆ ಮಾತ್ರ ಮನೆಯ ಹೆಂಗಸಿನ ಹೆಸರಿಗೆ. "ಗಂಡುಸ್ರು ತೋಟದಾಗೆ ಇರ್ತಾರೆ. ಪೆಟ್ಟಿಗೇಲಿ ಲೈಟು ಹತ್ತೈತಾ ನೋಡಮ್ಮಾ ಅಂದ್ರೆ ನೋಡೋಳು ಅವ್ಳು ತಾನೇ?" ಎನ್ನುತ್ತಿದ್ದರು. ಹೀಗೆ ನಮ್ಮ ನಕ್ಷೆಯ ತುಂಬ ಚೆಲ್ಲಮ್ಮಾಳ್, ಕಮಲಮ್ಮಾಳ್, ವೆಳ್ಳೈಯಮ್ಮಾಳ್. ಓಡೈಪಟ್ಟಿಯಲ್ಲಿ ಅಭಿರಾಮಿ.

ಅಭಿರಾಮಿ ಮಾಮನ ಒಬ್ಬಳೇ ಮಗಳು. ದ್ರಾಕ್ಷಿ ಬೆಳೆಯುವ ವಸಂತಕುಮಾರನಿಗೆ ಕೊಟ್ಟಿದ್ದರು. ಆ ಮನೆಗೆ ತಂತಿ ಎಳೆದವರೂ ಮಾಮನೇ. ಎರಡು ವರ್ಷದ ಹಿಂದೆ ದ್ರಾಕ್ಷಿ ಚಪ್ಪರದ ಕೆಳಗೆ ಅವಳಿಗೆ ಹಾವು ಕಚ್ಚಿತು. ತೇನಿಯ ಆಸ್ಪತ್ರೆಯಿಂದ ಅಪ್ಪನಿಗೆ ಮತ್ತೆ ಮತ್ತೆ ಫೋನು ಮಾಡಿದಳಂತೆ. ಮಾಮ ಆಗ ಬೆಟ್ಟದ ಆಚೆ ಪಕ್ಕದ ಎಸ್ಟೇಟಿನಲ್ಲಿ ರಿಪೇರಿಗೆ ಹೋಗಿದ್ದರು. ಸಿಗ್ನಲ್ ಇರಲಿಲ್ಲ. ಕೆಳಗಿಳಿದಾಗ ತಪ್ಪಿದ ಕರೆಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಅಷ್ಟರಲ್ಲಿ ಮಗಳು ಹೋಗಿಯಾಗಿತ್ತು. ಎಂಥ ಅನ್ಯಾಯ! ಊರಿಗೆಲ್ಲ ನೆಟ್ ಕೊಡುವ ಮನುಷ್ಯ ಹೆತ್ತ ಮಗಳಿಗೆ ಸಿಗಲಿಲ್ಲ.

ಅಳಿಯ ಪೆಟ್ಟಿಗೆಯನ್ನು ಕಿತ್ತು ಅಟ್ಟಕ್ಕೆ ಹಾಕಿದ. ಚುಕ್ಕೆ ಕೆಂಪಾಗಬೇಕಿತ್ತು, ನಾವು ಅದನ್ನು ಅಳಿಸಬೇಕಿತ್ತು. ಮಾಮ ಬಿಡಲಿಲ್ಲ. ಆ ಒಂದು ಚುಕ್ಕೆಯ ಟೈಮ್‌ಔಟನ್ನು ಸಾಫ್ಟ್‌ವೇರ್ ಒಪ್ಪುವಷ್ಟೂ ಏರಿಸಿಬಿಟ್ಟರು. ಅದು ಕೆಂಪಾಗಲೇ ಇಲ್ಲ, ಯಾವಾಗ ನೋಡಿದರೂ ಹಳದಿ.

ಇದರಿಂದ ತೊಂದರೆ ನನಗೆ. ಸರದಿ ಓಡೈಪಟ್ಟಿಗೆ ಬಂದು ನಿಂತರೆ ಸಾಲಿನಲ್ಲಿ ಅದರ ಹಿಂದಿರುವ ಮನೆಗಳೆಲ್ಲ ಕಾಯಬೇಕು. ಕೂಡಲೂರಿನಲ್ಲಿ ಅರ್ಧ ಬೀದಿ ಕೆಟ್ಟು ಕೂತಿದ್ದರೂ ನಕ್ಷೆ ಹಳೆಯ ಹಸಿರನ್ನೇ ತೋರಿಸುತ್ತಿತ್ತು. ಜನ ಬಾಯಿಗೆ ಬಂದಂತೆ ಬೈದರು. ಒಂದು ದಿನ ನನಗೂ ತಲೆ ಕೆಟ್ಟಿತು.

"ಮಾಮಾ, ಇಲ್ಲದೋಳಿಗೋಸ್ಕರ ಇರೋರ್ನೆಲ್ಲಾ ಯಾಕೆ ಕಾಯಿಸ್ತೀರಾ?"

ಅವರು ಸಿಟ್ಟಾಗಲಿಲ್ಲ. "ಅವ್ಳು ನನಗೋಸ್ಕರ ಕಾದ್ಲಲ್ಲಾ ಅಮುದಾ. ನಾ ಸಿಕ್ಕಲಿಲ್ಲ. ಇವಾಗ ನಾ ಕಾಯ್ತೀನಿ. ಪರವಾಯಿಲ್ಲೆ, ಬೈಯೋರು ಬೈಲಿ."

ಆಮೇಲೆ ಬೈಗುಳವನ್ನೆಲ್ಲ ನಾನೇ ನುಂಗಿಕೊಂಡೆ, ಆಫೀಸಿನ ಧಣಿಗೂ ಹೇಳಲಿಲ್ಲ.

ಈ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ವಸಂತಕುಮಾರ ಮತ್ತೆ ಮದುವೆಯಾದ. ಹುಡುಗಿ ತೇನ್‌ಮೊಳಿ, ಚಿನ್ನಾಳಪಟ್ಟಿಯ ಕಡೆಯವಳು. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ಮೊದಲು ತೀರಿಕೊಂಡವಳ ತವರಿಗೆ ಹೋಗಿ ಸೀರೆ ಇಸಕೊಳ್ಳಬೇಕು. ಅಲ್ಲಿಂದ ಮುಂದೆ ಅವಳೂ ಆ ಮನೆಯ ಮಗಳು. ಮಾಮ ಸೀರೆ ಕೊಟ್ಟರು. ತಲೆ ಎತ್ತಿ ಅವಳ ಮುಖ ನೋಡಲಿಲ್ಲವಂತೆ.

ಹೋದ ವಾರ ತೇನ್‌ಮೊಳಿ ಆಫೀಸಿಗೆ ಫೋನು ಮಾಡಿದಳು. ಮಾಮ ಎದುರಿಗೇ ಕೂತಿದ್ದರು. ನಾನು ಸ್ಪೀಕರ್ ಹಾಕಿದೆ.

"ಅಕ್ಕಾ, ಓಡೈಪಟ್ಟಿ ಮನೆಗೆ ನೆಟ್ ಬೇಕಾಗಿತ್ತು. ಅಪ್ಪನ್ನ ಕೇಳಾಕೆ ಭಯ. ನಕ್ಷೇಲಿ ದೊಡ್ಡಕ್ಕನ ಹೆಸ್ರು ಐತಂತಲ್ಲಾ, ಅದೇ ಇರ್ಲಿ, ತೆಗೀಬೇಡಿ. ನನಗೆ ಲೈನ್ ಬಂದ್ರೆ ಸಾಕು."

ನನಗೆ ಎದೆ ಹಗುರವಾಯಿತು. ಹೆಸರು ಉಳಿಯಿತು, ಲೈನೂ ಬಂತು, ಎಲ್ಲರಿಗೂ ಒಳ್ಳೆಯದೇ ಆಯಿತು ಅಂದುಕೊಂಡೆ. ಫೋನು ಇಟ್ಟ ಮೇಲೆ ಮಾಮ ತಲೆಯಾಡಿಸಿದರು.

"ಆಗಾಕಿಲ್ಲಮ್ಮಾ. ಆ ಟೈಮ್‌ಔಟ್ ಹಂಗೇ ಬಿಟ್ರೆ ಇವ್ಳ ಲೈನ್ ಕೆಟ್ರೂ ಹಳದೀನೇ ಇರ್ತದೆ. ನನಗೆ ತಿಳಿಯಾಕಿಲ್ಲ. ಅದೇ ಚಪ್ಪರದ ಕೆಳಗೆ ಓಡಾಡೋ ಕೂಸು ಅದು. ಇವ್ಳು ಕೂಗಿದ್ರಾದ್ರೂ ನಾ ಸಿಕ್ಬೇಕು."

"ಹಂಗಾದ್ರೆ ಟೈಮ್‌ಔಟ್ ಇಳಿಸಿ, ಹೆಸ್ರು ಇರ್ಲಿ ಬಿಡಿ ಮಾಮಾ."

"ಅಭಿರಾಮಿ ಅಂತ ಹಸಿರು ಹತ್ತಿದ್ರೆ ನಾ ಅದನ್ನೇ ನೋಡ್ತಾ ಕೂತ್ಬುಡ್ತೀನಿ. ತೇನ್‌ಮೊಳಿ ನನ್ನ ಕಣ್ಣಿಗೆ ಬೀಳಾಕಿಲ್ಲ."

ಚುಕ್ಕೆ ಕಾಯುತ್ತಿರುವಾಗ ಅದನ್ನು ಅಳಿಸಲು ಸಾಫ್ಟ್‌ವೇರ್ ಬಿಡುವುದಿಲ್ಲ. ಮೊದಲು ಗಡುವು ಮುಗಿಯಬೇಕು. ಮಾಮ ಟೈಮ್‌ಔಟ್ ಇದ್ದ ಜಾಗಕ್ಕೆ ಹೋಗಿ, ಎಲ್ಲ ಮನೆಗಳಿಗೂ ಇರುವ ಸಣ್ಣ ಸಂಖ್ಯೆಯನ್ನೇ ಹೊಡೆದರು. ನಾನು ಒತ್ತಲೇ ಎಂದು ಕೈ ಚಾಚಿದೆ. ಬೇಡವೆಂದು ತಾವೇ ಒತ್ತಿದರು. ಸರದಿ ಹೊಸದಾಗಿ ಶುರುವಾಗಿ ಪಕ್ಕದ ಚುಕ್ಕೆಗಳೆಲ್ಲ ಒಂದೊಂದಾಗಿ ಹಳದಿಯಾಗಿ ಹಸಿರಾದವು. ಅಭಿರಾಮಿಯದು ಒಂದೆರಡು ಉಸಿರು ಎಳೆಯುವಷ್ಟು ಹೊತ್ತು ಹಳದಿಯಾಗಿದ್ದು, ಕೆಂಪಾಯಿತು.

ಮಾಮ ಅದನ್ನು ಅಳಿಸಿದರು. ಖಾಲಿಯಾದ ಜಾಗದಲ್ಲಿ ತೇನ್‌ಮೊಳಿ ಎಂದು ಬರೆದರು, ತಪ್ಪಿಲ್ಲದೆ. ಆಮೇಲೆ ಮೇಜಿನ ಅಂಚು ಹಿಡಿದುಕೊಂಡು, "ಹೋಗ್ಬುಟ್ಲು ಅಮುದಾ, ನನ್ನ ಕೂಸು ಹೋಗ್ಬುಟ್ಲು," ಎಂದು ಬಿಕ್ಕಿ ಬಿಕ್ಕಿ ಅತ್ತರು, ಸುದ್ದಿ ಆಗಷ್ಟೇ ಬಂದವರ ಹಾಗೆ.