ಕಂಬಳಿ ಕರಿ, ಸೊಸಿ ಬಿಳಿ

ಸೊಲ್ಲಾಪುರದ ನವಿ ಪೇಠದಾಗ ಅಂಗಡಿಯೊಂದರ ಮುಂದ ನಿಂತು ನಾನು ಬಣ್ಣ ತಿಳಿಯಾಗೋ ಕ್ರೀಮ್ ಮಾರತಿದ್ದೆ. ಪೇರಲ ಎಲಿಯ ಸತ್ವದ್ದು. ಮಾರೋರೂ ದಿನಾ ಮುಂಜಾನೆ ಅದನ್ನ ಹಚ್ಕೊಂಡೇ ನಿಂದರಬೇಕು ಅಂತ ಕಂಪನಿಯ ರೂಲು. ನೌಕರಿಗೆ ಸೇರಿದಾಗಿಂದ ಒಂದು ದಿನಾನೂ ತಪ್ಪಿಸಿಲ್ಲ.

ಕುಂಭಾರಿಯಿಂದ ಕುರಿ ಸಾಕೋ ಮನಿತನದ ಹೆಣ್ಣುಮಗಳೊಬ್ಬಾಕಿ ಬಂದಳು. ಮಗಳನ್ನ ನೋಡಾಕ ಅಕ್ಕಲಕೋಟದಿಂದ ವರನ ಕಡಿಯವರು ಬರೋರಿದ್ರಂತ.

"ಈ ಎಲಿಯ ಸತ್ವ ಚರ್ಮದಾಗ ಕರೀ ಬಣ್ಣ ಹುಟ್ಟೋದನ್ನೇ ತಡಿತದ ನೋಡ್ರಿ ಅಕ್ಕಾರ," ಅಂದೆ.

"ತಡಿಯೋ ಎಲಿ ಅದ ಅಂದಮ್ಯಾಲ ಹುಟ್ಟಸೋ ಎಲಿನೂ ಇರಬೇಕಲ್ಲರಿ?"

"ಅದು ಯಾರಿಗೆ ಬೇಕ್ರಿ?"

"ನಮ್ಮ ಕುರಿಗಿ. ಈ ಸಲ ಮರಿ ಎಲ್ಲಾ ಬೆಳ್ಳಗ ಹುಟ್ಟ್ಯಾವ. ನಮ್ಮ ದೇವರು ಬೀರೋಬಾಗ ಕರೀ ಕಂಬಳಿನೇ ಬೇಕು, ಬೀಗರಿಗೆ ಬಿಳೀ ಸೊಸಿನೇ ಬೇಕು. ನಾವೇನ್ ಮಾಡೂಣ್ರಿ?"

ಕರ್ರಗ ಮಾಡೋದು ನಮ್ಮ ಕಂಪನಿಯಾಗ ಇಲ್ಲ ಅಂದೆ. ಕ್ರೀಮ್ ಹಚ್ಚಿ ಮಿರಿಮಿರಿ ಮಿಂಚತಿದ್ದ ನನ್ನ ಕರೀ ಮಾರಿಯನ್ನ ಆಕಿ ದಿಟ್ಟಿಸಿ ನೋಡಿದಳು. ಆಮ್ಯಾಲ ದನಿ ತಗ್ಗಿಸಿ ಅಂದಳು:

"ಸುಳ್ಳ್ಯಾಕ ಹೇಳತೀರಿ ಅಣ್ಣಾರ? ನೀವು ಹಚ್ಕೊಂಡೀರಲ್ಲ, ಅದನ್ನೇ ಒಂದು ಡಬ್ಬಿ ಕೊಡ್ರಿ."

ಹಚ್ಕೊಂಡಿದ್ದು ಇದೇ ಡಬ್ಬಿದು ಅಂದ್ರ ನೌಕರಿ ಹೋಗತಿತ್ತು. "ಅದರ ಸ್ಟಾಕ್ ಮುಗದದರಿ" ಅಂದೆ.