ಅಟ್ಟ ಹತ್ತಿದ ಸ್ಕೀ ಹಲಗೆಗಳು

ತೆರಕಣಾಂಬಿಯಲ್ಲಿ ಸ್ಕೀ ಇರುವುದು ನಮ್ಮ ಮನೆಯಲ್ಲಿ ಮಾತ್ರ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಚಳಿಗಾಲವಿಡೀ ಹಿಮಾಚಲದ ಒಂದು ಇಳಿಜಾರಿನಲ್ಲಿ ಪ್ರವಾಸಿಗರಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತೇನೆ. ಹಿಮ ಕರಗಿದ ಮೇಲೆ ಊರಿಗೆ ಬಂದು ಬಂಡೀಪುರದ ಹತ್ತಿರದ ಒಂದು ರೆಸಾರ್ಟಿನಲ್ಲಿ ಉಳಿದುಕೊಂಡು ಅತಿಥಿಗಳನ್ನು ನೋಡಿಕೊಳ್ಳುತ್ತೇನೆ. ಮದುವೆ ಯಾವಾಗ ಎಂದು ಕೇಳುವವರಿಗೆ, ಊರಿನಲ್ಲಿ ಹಿಮ ಬಿದ್ದ ವರ್ಷ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಬೇಸಿಗೆಯ ಶುರುವಿನಲ್ಲಿ ಉದ್ದನೆಯ ಚೀಲ ಹೊತ್ತು ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ "ಇದೇನಮ್ಮ, ಪೈಪಾ?" ಎಂದು ಕೇಳುತ್ತಾನೆ. ಹೂಂ, ಪೈಪು ಎನ್ನುತ್ತೇನೆ. ಬೋರ್‌ವೆಲ್ಲಿನ ಸಾಮಾನು ಅಂದರೆ ನಮ್ಮ ಕಡೆ ಯಾರೂ ತಕರಾರು ಮಾಡುವುದಿಲ್ಲ, ಕಾಲು ಮಡಚಿ ಜಾಗ ಬಿಡುತ್ತಾರೆ.

ಮನೆಗೆ ಬಂದ ಮಾರನೆಯ ದಿನವೇ ಹಲಗೆಗಳ ಆರೈಕೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಅಂಚಿನ ಉಕ್ಕಿನ ಪಟ್ಟಿಗೆ ತುಕ್ಕು ಹಿಡಿದಿದ್ದರೆ ಅರದಿಂದ ಉಜ್ಜಬೇಕು. ಆಮೇಲೆ ಇಸ್ತ್ರಿಪೆಟ್ಟಿಗೆಗೆ ಮೇಣ ತಾಗಿಸಿ ಕರಗಿಸಿ ತಳದ ತುಂಬ ದಪ್ಪಗೆ ಬಳಿದು, ಕೆರೆಯದೆ ಹಾಗೆಯೇ ಬಿಡಬೇಕು. ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಸ್ಪ್ರಿಂಗುಗಳನ್ನು ಸಡಿಲಿಸಬೇಕು. ಬಿಸಿಲು ಕೂಡದು, ಶಾಖ ಕೂಡದು. ಹಿಂದಿನ ಕೋಣೆಯ ಮಂಚದ ಕೆಳಗೆ, ನೆಲ ತಣ್ಣಗಿರುವ ಕಡೆ, ಒಂದು ಮಣೆಯ ಮೇಲೆ ಅವುಗಳನ್ನು ಮಲಗಿಸುತ್ತೇನೆ. ಮೊದಲ ವರ್ಷ ಅವ್ವನ ಇಸ್ತ್ರಿಪೆಟ್ಟಿಗೆಯನ್ನೇ ಬಳಸಿ ಅವಳ ರೇಷ್ಮೆ ಸೀರೆಗೆ ಮೇಣ ಹತ್ತಿಸಿದ್ದೆ. ಅವತ್ತಿನ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗ ನನಗೆ ನನ್ನದೇ ಪೆಟ್ಟಿಗೆ ಇದೆ.

ಅಪ್ಪನಿಗೆ ಇದೆಲ್ಲ ತಮಾಷೆ. ಅರಿಶಿನ ಬೆಳೆಯುವ ಮನುಷ್ಯ, ಟಿಲ್ಲರನ್ನು ಕೆಸರಿನ ಸಮೇತ ಕೊಟ್ಟಿಗೆಗೆ ತಳ್ಳುವವನು. "ಬಾಣಂತಿಗೂ ಇಷ್ಟೊಂದು ಉಪ್ಚಾರ ಮಾಡಕಿಲ್ಲ ಕಣಮ್ಮಿ," ಎನ್ನುತ್ತಾನೆ.

ನಾನು ಹೇಳಹೊರಟಿರುವುದು ನಾನಿನ್ನೂ ಸ್ಕೀ ತರಬೇತುದಾರರ ಸಹಾಯಕಿಯಾಗಿದ್ದ ಕಾಲದ ಕೊನೆಯ ವರ್ಷದ ಮಾತು. ಹಿಮ ಬಿದ್ದ ಕೂಡಲೇ ಪೂರ್ಣ ತರಬೇತುದಾರರ ಪರೀಕ್ಷೆ ಇತ್ತು. ಅದರಲ್ಲಿ ಗೆದ್ದರೆ ನನ್ನದೇ ತಂಡ, ಸೋತರೆ ಇನ್ನೊಂದು ಚಳಿಗಾಲ ಬೇರೆಯವರ ಶಿಷ್ಯರ ಬೂಟು ಬಿಗಿಯುವುದು. ಬಾಡಿಗೆ ಹಲಗೆಗಳು ಸಿಗುತ್ತವೆ ನಿಜ, ಆದರೆ ಸಾವಿರ ಕಾಲು ಹತ್ತಿಳಿದ ಆ ಹಲಗೆಗಳನ್ನು ನಂಬಿ ಕಡಿದಾದ ಇಳಿಜಾರಿನಲ್ಲಿ ಪರೀಕ್ಷೆ ಕೊಡುವ ಮಾತೇ ಇರಲಿಲ್ಲ. ಹೊಸ ಜೋಡಿ ಕೊಳ್ಳುವ ಶಕ್ತಿಯೂ ಆ ವರ್ಷ ಇರಲಿಲ್ಲ. ನನ್ನ ಹಲಗೆಗಳ ಗುಣ ನನಗೆ ಗೊತ್ತು, ನನ್ನ ತೂಕ ಅವಕ್ಕೆ ಗೊತ್ತು. ಪಾಸಾಗುತ್ತೇನೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಆಯುಧಪೂಜೆಗೆ ರಜೆ ಹಾಕಿ ಮನೆಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿದರೆ ಮಣೆ ಮಾತ್ರ ಇತ್ತು.

"ಅಟ್ದ ಮೇಲೆ ಮಡ್ಗಿವ್ನಿ," ಅಂದಳು ಅವ್ವ, ಹೂ ಕಟ್ಟುತ್ತ. "ಭದ್ರವಾಗವೆ."

"ಯಾವ ಅಟ್ಟ?"

"ಇನ್ಯಾವ್ದು, ನೀರೊಲೆ ಅಟ್ಟ. ಗೆದ್ಲು ಮಂಚದ ಕಾಲ್ ಹಿಡ್ಕಂಡಿತ್ತು. ನಿನ್ ಹಲ್ಗೆನೂ ಮರ ತಾನೆ. ಹೊಗೆ ಬಿದ್ರೆ ಹುಳ ಮುಟ್ಟಕಿಲ್ಲ."

ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸು ಬಂದು ಎಷ್ಟೋ ಕಾಲವಾಯಿತು, ಸ್ನಾನದ ಹಂಡೆಗೆ ಮಾತ್ರ ಇವತ್ತಿಗೂ ಸೌದೆ ಒಲೆ. ಆ ಒಲೆಯ ಮೇಲೆ ಎರಡು ಗಳ ಕಟ್ಟಿದ್ದಾರೆ, ಅದಕ್ಕೆ ಅಟ್ಟ ಎಂದು ಹೆಸರು. ನನ್ನ ಹಲಗೆಗಳು ಅದರ ಮೇಲೆ ಮಸಿ ಮೆತ್ತಿಕೊಂಡು ಮಲಗಿದ್ದವು. ದಿನವೂ ಬೆಳಿಗ್ಗೆ ಕೆಳಗಿನಿಂದ ಬೆಂಕಿ. ಮೇಣ ಕರಗಿ ತೊಟ್ಟಿಕ್ಕಿ ಗಳಕ್ಕೆ ಅಂಟಿತ್ತು. ಇಳಿಸಿ, ಒರೆಸಿ, ತಳಕ್ಕೆ ತಳ ಸೇರಿಸಿ ಹಿಡಿದು ಬೆಳಕಿಗೆ ನೋಡಿದೆ. ಇರಲೇಬೇಕಾದ ನಡುವಿನ ಬಾಗು ಎರಡರಲ್ಲೂ ಒಂದೇ ಸಮ ಉಳಿದಿತ್ತು. ಆದರೆ ಒಂದರ ಹಿಂತುದಿಯಲ್ಲಿ ಅಂಟು ಬಿಟ್ಟು, ಪದರಗಳ ನಡುವೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. "ಮುಟ್ಬ್ಯಾಡ ಅಂತ ಬಡ್ಕಂಡಿದ್ನಲ್ಲವ್ವ. ಪರೀಕ್ಷೇಲಿ ಕಾಲಿಗೆ ಏನ್ ಕಟ್ಕಂಡು ಇಳೀಲಿ ಈಗ, ನಿನ್ ಸೌದೆನಾ?"

"ಬಿತ್ನೆ ಇಡೋ ಜಾಗ ಕಣಮ್ಮಿ ಅದು. ನಮ್ಮತ್ತೆ ಕಾಲ್ದಿಂದ ಅಲ್ಲಿಟ್ಟಿದ್ದು ಯಾವ್ದೂ ಕೆಟ್ಟಿಲ್ಲ."

"ಇದು ಬಿತ್ನೆ ಅಲ್ಲ. ನಿಂಗೆ ಯಾವತ್ತು ಅರ್ಥ ಆದದು," ಅಂದೆ. ಅವ್ವ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸಿಟ್ಟು ಬಂದಾಗ ನನ್ನ ಕೈ ಚೆನ್ನಾಗಿ ಓಡುತ್ತದೆ. ಮುಂದಿನ ಬಸ್ಸಿಗೇ ಗುಂಡ್ಲುಪೇಟೆಗೆ ಹೋಗಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಟ್ಯೂಬು ಕಲಸಿ ಹಚ್ಚುವ ಗಟ್ಟಿ ಅಂಟು, ಅಂಟಿಸಿದ್ದನ್ನು ಬಿಗಿಹಿಡಿಯಲು ಒಂದೆರಡು ಕ್ಲಾಂಪು ತಂದೆ. ಬಿರುಕಿನೊಳಗಿನ ಮಸಿಯನ್ನು ತೆಳ್ಳನೆಯ ಬ್ಲೇಡಿನಿಂದ ಕೆರೆದು, ಸ್ಪಿರಿಟ್ ಹಾಕಿ ಒರೆಸಿ, ಆರಿದ ಮೇಲೆ ಅಂಟು ತುಂಬಿ, ಮೇಲೆ ಕೆಳಗೆ ಮರದ ತುಂಡು ಕೊಟ್ಟು ಬಿಗಿದೆ. ಈ ಕೆಲಸವನ್ನು ಇಳಿಜಾರಿನ ಅಂಗಡಿಯಲ್ಲಿ ಬೇರೆಯವರ ಹಲಗೆಗಳಿಗೆ ಬೇಕಾದಷ್ಟು ಸಲ ಮಾಡಿದ್ದೇನೆ. ಸರಿಯಾಗಿ ಬಿಗಿದರೆ ಅದು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಂಟು ಒಣಗುವವರೆಗೆ ನಾನು ಅವ್ವನ ಮುಖ ನೋಡಲಿಲ್ಲ. "ನೀವಿಬ್ರೂ ಮಾತಾಡ್ದಿದ್ರೆ ನನ್ನ ಊಟಕ್ಕೆ ಕರ್ಯೋರ್ಯಾರು?" ಎಂದು ಅಪ್ಪ ಗೊಣಗಿದ.

ಪೂಜೆಯ ದಿನ ಅಂಗಳದಲ್ಲಿ ಟಿಲ್ಲರು, ಕುಡ್ಲು, ಮಚ್ಚುಗಳ ಪಕ್ಕದಲ್ಲಿ ಕ್ಲಾಂಪಿನ ಸಮೇತ ನನ್ನ ಹಲಗೆಗಳೂ ಕೂತವು. ಅವ್ವ ವಿಭೂತಿ ಹಿಡಿದು ಬಂದಳು.

"ತಳಕ್ಕೆ ಹಚ್ಬ್ಯಾಡ," ಅಂದೆ.

"ಗೊತ್ತು ಬುಡು," ಅಂದಳು. ಮೇಲ್ಭಾಗಕ್ಕೆ ಮೂರು ಬೆರಳು ಎಳೆದು ಮುಂದೆ ಹೋದಳು.

ಮಾರನೆಯ ದಿನ ಕ್ಲಾಂಪು ಬಿಚ್ಚಿದೆ. ಬಾಯಿ ಮುಚ್ಚಿಕೊಂಡಿತ್ತು. ಹಿಂತುದಿಯನ್ನು ಮಣೆಯ ಅಂಚಿಗೆ ಒತ್ತಿ ಬಗ್ಗಿಸಿದೆ, ಜಗ್ಗಿದೆ. ಕೂದಲೆಳೆಯಷ್ಟೂ ಬಿಡಲಿಲ್ಲ. ಆ ಹಲಗೆಗಳನ್ನೇ ಕಟ್ಟಿಕೊಂಡು ಆ ಚಳಿಗಾಲ ಪರೀಕ್ಷೆಗೆ ಇಳಿದೆ, ಪಾಸಾದೆ. ಈಗ ನನಗೆ ನನ್ನದೇ ತಂಡವಿದೆ.

ಆದರೆ ಕ್ಲಾಂಪು ಬಿಚ್ಚಿದ ದಿನವೇ, ಹಲಗೆಗಳನ್ನು ಮತ್ತೆ ಒಳಗೆ ಮಲಗಿಸಲು ಹಿಂದಿನ ಕೋಣೆಗೆ ಹೋದೆ. ಗೆದ್ದಲಿನ ಸುಳಿವಿರಲಿಲ್ಲ, ಔಷಧಿಯ ವಾಸನೆ ಇತ್ತು. ಮಂಚದ ಕೆಳಗೆ ಮೂಲೆಯಲ್ಲಿ ಮೊನ್ನೆ ಸಿಟ್ಟಿನಲ್ಲಿ ಗಮನಿಸದಿದ್ದ ಒಂದು ತಗಡಿನ ಡಬ್ಬ ಅಡ್ಡ ಸಿಕ್ಕಿತು. ಎಳೆದು ಮುಚ್ಚಳ ತೆಗೆದೆ. ಒಳಗೆ ಜೋಳದ ತೆನೆಗಳು, ಅವ್ವ ವರ್ಷ ವರ್ಷ ಆರಿಸಿ ಉಳಿಸಿಕೊಂಡು ಬಂದ ಬಿತ್ತನೆ. ಕಾಳು ಕಾಳಿಗೂ ತೂತು ಬಿದ್ದಿತ್ತು. ಕೈ ಹಾಕಿದರೆ ಹಿಟ್ಟು ಉದುರಿತು, ಹುಳ ಹರಿದಾಡಿದವು. ಎರಡು ಗಳದ ಮೇಲೆ ಎರಡಕ್ಕೂ ಜಾಗವಿಲ್ಲ ಎಂದು ಅವಳು ತೆನೆ ಇಳಿಸಿ ನನ್ನ ಹಲಗೆಗಳನ್ನು ಏರಿಸಿದ್ದಳು.

ಡಬ್ಬ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ನನಗೆ ಅಳು ಬಂದಿತ್ತು, ನಾಚಿಕೆಯೂ ಆಗಿತ್ತು. ಅವ್ವ ಪೂಜೆಯ ಬಾಡಿದ ಹೂ ಗುಡಿಸುತ್ತಿದ್ದಳು.

"ಯಾಕವ್ವ ಇದನ್ನ ಇಳಿಸ್ದೆ? ಇದು ಅಜ್ಜಿ ಕಾಲದ್ದಲ್ವಾ?"

ಅವ್ವ ನನ್ನ ಕೈಯಿಂದ ಡಬ್ಬ ತೆಗೆದುಕೊಂಡು, ಒಳಗೆ ನೋಡಿ, ಮುಚ್ಚಳ ಹಾಕಿದಳು.

"ಜೋಳ ಹೋದ್ರೆ ಯಾರ್ ಮನೇಲಾದ್ರೂ ಒಂದ್ ಹಿಡಿ ಕೇಳ್ಕಂಡು ಬತ್ತೀನಿ ಕಣಮ್ಮಿ. ನಿನ್ ಹಲ್ಗೆ ಹೋದ್ರೆ ಈ ಊರ್ನಲ್ಲಿ ಯಾರ್ ಮನೆ ಬಾಗ್ಲಿಗೆ ಹೋಗ್ಲಿ?"