ನರಸಯ್ಯ ಅಸಲಿ ವಿಡಿಯೊ ಕೇಳಿದ್ದು

ಸಾತನೂರಿನ ನರಸಯ್ಯ ಹಲ್ಲು ನೋಡದೆ ಕುರಿ ಕೊಂಡವನಲ್ಲ. ಕೊಂಡ ಕುರಿಯನ್ನೂ ಕಿವಿ ಹಿಡಿದುಕೊಂಡೇ ಗಾಡಿ ಹತ್ತಿಸುತ್ತಿದ್ದ. ಕೈಬಿಟ್ಟರೆ ದಲ್ಲಾಳಿ ಬೇರೆ ಕುರಿ ತುರುಕುತ್ತಾನೆಂಬ ಗುಮಾನಿ. ಡೇರಿಯ ಹಾಲಿನ ಅಳತೆ, ಡಾಕ್ಟರು ಬರೆದ ಮಾತ್ರೆ, ಬೀಗರು ತಂದ ಜಾತಕ, ಯಾವುದನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ಇದರಿಂದ ಅವನಿಗೆ ಆದ ಮೋಸ ಕಡಿಮೆ, ಉಳಿದ ನೆಂಟರು ಇನ್ನೂ ಕಡಿಮೆ.

ಅಂಥವನು ಮಗಳು ನಯನಳ ಮದುವೆಯ ವಿಡಿಯೊವನ್ನು ಕನಕಪುರದಲ್ಲಿ ಸ್ಟುಡಿಯೊ ಇಟ್ಟಿದ್ದ ಅದ್ನಾನನ ಕೈಗೆ ಬಿಟ್ಟು ಕಾಯುತ್ತಿದ್ದ. ಮಗಳ ಮದುವೆಯಾದ ಎರಡೇ ತಿಂಗಳಿಗೆ ಹೆಂಡತಿ ಪುಟ್ಟಲಕ್ಷ್ಮಮ್ಮ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಿದ್ದಳು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಫೋಟೊ ಎಂದರೆ ಸೆರಗು ಎಳೆದುಕೊಂಡು ಒಳಗೆ ಓಡುತ್ತಿದ್ದ ಹೆಂಗಸು. ಅವಳ ನಡಿಗೆ, ನಗು ಈಗ ಉಳಿದಿದ್ದರೆ ಆ ವಿಡಿಯೊದಲ್ಲಿ ಮಾತ್ರ. ನರಸಯ್ಯನಿಗೆ ಅದು ಬೇಕಿತ್ತು. ಅನ್ನ ನಿದ್ದೆಗಿಂತ ಹೆಚ್ಚಾಗಿ ಬೇಕಿತ್ತು.

ಫೋನು ಮಾಡಿದಾಗಲೆಲ್ಲ ಅದ್ನಾನ್ ಲ್ಯಾಪ್‌ಟಾಪು ಹ್ಯಾಂಗ್ ಆಗುತ್ತಿದೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನರಸಯ್ಯ ಮೂಗು ಮುರಿಯುತ್ತಿದ್ದ. ವಿಡಿಯೊ ಅಳಿಸಿಹೋಗಿದೆ, ಅದನ್ನು ಮುಚ್ಚಲು ಈ ನಾಟಕ ಎಂಬುದು ಅವನ ಲೆಕ್ಕ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಸ್ಸು ಹತ್ತಿ ಬಂದು ಸ್ಟುಡಿಯೊದ ಬಾಗಿಲಲ್ಲಿ ನಿಂತ.

ಲ್ಯಾಪ್‌ಟಾಪಿನಲ್ಲಿ ಮದುವೆ ಓಡುತ್ತಿತ್ತು. ಆದರೆ ಒಬ್ಬರ ಮುಖವೂ ನೆಟ್ಟಗಿರಲಿಲ್ಲ, ಎಲ್ಲ ಕಲಸಿಹೋಗಿತ್ತು. ಕಂಬದ ಹತ್ತಿರ ನಿಂತವಳು ತನ್ನ ಹೆಂಡತಿ ಎಂದು ಹಸಿರು ಸೀರೆಯಿಂದ ಗೊತ್ತಾಯಿತೇ ಹೊರತು ಮುಖದಿಂದಲ್ಲ. ನರಸಯ್ಯನ ಪಿತ್ತ ನೆತ್ತಿಗೇರಿತು.

ಅದ್ನಾನ್ ಸಮಾಧಾನದಿಂದಲೇ ವಿವರಿಸಿದ. ದೊಡ್ಡ ಕ್ಯಾಮೆರಾದ ವಿಡಿಯೊ ಬಲು ಭಾರ, ತನ್ನ ಹಳೇ ಲ್ಯಾಪ್‌ಟಾಪು ಎಳೆಯಲಾರದು. ಅದಕ್ಕೇ ಒಂದು ಹಗುರವಾದ ನಕಲು ಮಾಡಿಕೊಂಡಿದ್ದಾನೆ. ಅದು ಮಸುಕು, ಆದರೆ ಸರಾಗವಾಗಿ ಓಡುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ. ಕೊನೆಗೆ ಅದೇ ಪ್ರಕಾರ ಅಸಲಿಯನ್ನೂ ಜೋಡಿಸುತ್ತಾನೆ, ಕೈಗೆ ಬರುವುದು ಅಸಲಿಯೇ. ಹೀಗೆ ಮಾಡಿದ ಮೇಲೆಯೇ ಕೆಲಸ ಸಾಗಿರುವುದು.

ನಕಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನರಸಯ್ಯನಿಗೆ ಸಂತೆಯ ದಲ್ಲಾಳಿಗಳೆಲ್ಲ ಎದುರು ಬಂದು ನಿಂತಂತಾಯಿತು.

"ತೋರ್ಸೋದೊಂದು ಕೊಡೋದೊಂದು, ನಾನು ಕಾಣ್ದಿದ್ದಲ್ಲ ಕಣಪ್ಪ. ಅಸಲೀದು ಐತೆ ಅಂದ್ಯಲ್ಲ, ಅದ್ನೇ ಹಾಕು."

ಅದು ನಿಂತು ನಿಂತು ಓಡುತ್ತದೆ ಎಂದ ಅದ್ನಾನ್. ನಿಲ್ಲಲಿ ಎಂದು ನರಸಯ್ಯ ಕುರ್ಚಿ ಎಳೆದುಕೊಂಡು ಕೂತ.

ಅಸಲಿ ತೆರೆದುಕೊಂಡಿತು. ನೆಂಟರೆಲ್ಲ ಅಕ್ಷತೆ ಹಾಕುತ್ತಿರುವಾಗ ಲ್ಯಾಪ್‌ಟಾಪು ಬುಸುಗುಟ್ಟಿ, ಚಿತ್ರ ಗಕ್ಕನೆ ನಿಂತಿತು. ನರಸಯ್ಯ ಪರದೆಗೆ ಬಗ್ಗಿ ಕಂಬದ ಹತ್ತಿರದ ಹೆಂಡತಿಯನ್ನು ನೋಡಿದ. ಮೂಗುಬೊಟ್ಟು, ಹಣೆಯ ಹಚ್ಚೆ, ಎಲ್ಲ ಅವಳದೇ. ಮೋಸ ಹುಡುಕುವ ಕಣ್ಣು ಅಷ್ಟಕ್ಕೇ ಬಿಡಲಿಲ್ಲ, ಇನ್ನೂ ಕೆಳಗಿಳಿಯಿತು. ಅವಳ ಎಡಗೈ ಸೆರಗಿನ ಮರೆಯಲ್ಲಿ ಹೊಟ್ಟೆಯನ್ನು ಅದುಮಿ ಹಿಡಿದಿತ್ತು. ಕೆಳದುಟಿಯನ್ನು ಹಲ್ಲಿನಿಂದ ಕಚ್ಚಿದ್ದಳು.

ಚಿತ್ರ ಒಸಿ ಮುಂದಕ್ಕೆ ಜಗ್ಗಿ ಮತ್ತೆ ನಿಂತಿತು. ಈಗ ಅದರೊಳಗಿನ ನರಸಯ್ಯ ಹೆಂಡತಿಯ ಕಡೆ ತಿರುಗಿದ್ದ. ಅವಳ ಕೈ ಕೆಳಗಿಳಿದಿತ್ತು, ಮುಖದಲ್ಲಿ ನಗುವಿತ್ತು.

"ಫೈನಲ್ ಆದಾಗ ಹಿಂಗೆ ನಿಲ್ಲಲ್ಲ ಯಜಮಾನ್ರೇ," ಎಂದ ಅದ್ನಾನ್. "ಇದೆಲ್ಲ ಕಣ್ಣಿಗೂ ಬೀಳಲ್ಲ, ಹಂಗೇ ಹೊಂಟೋಯ್ತದೆ." ಪಾಪ, ಅವನಿಗೆ ಲ್ಯಾಪ್‌ಟಾಪಿನದೇ ಚಿಂತೆ.

ನರಸಯ್ಯ ಮೊದಲು ನಿಂತ ಚಿತ್ರವನ್ನು ಇನ್ನೊಮ್ಮೆ ತೋರಿಸಲು ಹೇಳಿದ. ನೋಡಿದ. ಮೇಜಿನ ಅಂಚು ಹಿಡಿದುಕೊಂಡ.

"ಯಾಕಮ್ಮಿ ಮುಖ ಬಾಡೈತೆ ಅಂತ ಅವತ್ತು ಕೇಳ್ದೆ. ಏನಿಲ್ಲ, ಗ್ಯಾಸು ಅಂದ್ಲು," ಎಂದ. "ಹುಟ್ಟಿದಾಗಿಂದ ಅವಳೊಬ್ಬಳ ಮಾತ್ನೇ ಕಣಪ್ಪ, ನಾನು ಅನ್ಮಾನ ಪಡ್ದೆ ನಂಬಿದ್ದು."